ನೂರನೆಯ ಗೋಡೆ

ನಮ್ಮ ಯಜಮಾನರ ಮುಖಕ್ಕೆ ಸಿಟ್ಟು ಬಂದು ಎಂಟು ತಿಂಗಳಾಗಿತ್ತು. ಮುಖಕ್ಕೆ ಅಂತ ಬೇಕೆಂದೇ ಹೇಳುತ್ತಿದ್ದೇನೆ, ಅವರಿಗಲ್ಲ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೇನೆ, ಸಾರಿಗೆ ಉಪ್ಪು ಹಾಕುವುದು ಮರೆತರೆ ಸುಮ್ಮನೆ ಉಪ್ಪಿನಕಾಯಿ ನೆಂಚಿಕೊಂಡು ಉಣ್ಣುವ ಮನುಷ್ಯ ಅವರು. ಆದರೆ ಮುಖ ನೋಡಬೇಕು! ಎರಡೂ ಹುಬ್ಬು ಹಣೆಯ ನಡುವೆ ಬಂದು ಗುದ್ದಾಡುತ್ತಿದ್ದವು. ಕಣ್ಣುಗುಡ್ಡೆಗಳೆರಡೂ ಮೂಗಿನ ಕಡೆಗೆ ಓಡಿ ಅಲ್ಲೇ ನಿಂತಿದ್ದವು. ಬಾಯಿ ಎರಡೂ ಕಡೆ ಕೆಳಕ್ಕೆ ಜಗ್ಗಿತ್ತು. ಅದೇ ಮುಖ ಹೊತ್ತುಕೊಂಡು, "ನಿಂಬೆವ್ವಾ, ಒಂದ್ ಚರಿಗಿ ನೀರ ಕೊಡತೀಯೇನು?" ಎಂದು ಕೇಳುತ್ತಿದ್ದರು. ಮನೆಗೆ ಬಂದ ನೆಂಟರು ಅರ್ಧ ಕುಡಿದ ಚಹಾ ಬಿಟ್ಟು ಎದ್ದು ಹೋಗುತ್ತಿದ್ದರು.

ನಮ್ಮೂರಿನಲ್ಲಿ ಇರುವುದು ನೂರಾ ಒಂದು ಮನೆ. ನಾಟಕ ಆದ ಮೇಲೆ ಚಿತ್ರದ ಕಲ್ಲಿನಾಥ ಒಬ್ಬ ನಟನ ಮುಖವನ್ನು ಮರದ ಹಲಗೆಯಲ್ಲಿ ಕೊರೆದು ನೂರು ಹಾಳೆ ಅಚ್ಚು ಹಾಕುತ್ತಾನೆ. ಮೊದಲ ಹಾಳೆ ಹಲಗೆಯಿಂದ ಎದ್ದ ಕೂಡಲೇ ನಟ ಎಲ್ಲಿದ್ದರೂ ಅವನ ಮುಖ ಚಿತ್ರದಲ್ಲಿರುವ ಹಾಗೇ ನಿಂತುಬಿಡುತ್ತದೆ. ನೂರು ಹಾಳೆ ನೂರು ಮನೆಯ ಗೋಡೆ ಹತ್ತುವ ತನಕ ಇಳಿಯುವುದಿಲ್ಲ. ಒಂದು ಮನೆಗೆ ಒಂದೇ ಹಾಳೆ, ಸ್ವಂತ ಮನೆಯ ಗೋಡೆ ನಡೆಯುವುದಿಲ್ಲ. ಅಂದರೆ ಊರಿನಲ್ಲಿ ಒಂದೇ ಒಂದು ಮನೆಯವರು ಬೇಡ ಅಂದರೂ ಮುಗಿಯಿತು ಕಥೆ. ಅದಕ್ಕೇ ನಮ್ಮೂರ ನಟರಷ್ಟು ವಿನಯವಂತರು ಎಲ್ಲಿಯೂ ಸಿಗಲಿಕ್ಕಿಲ್ಲ. ಎದುರಿಗೆ ಎಮ್ಮೆ ಬಂದರೂ ಅದು ಯಾರ ಮನೆಯದೆಂದು ಯೋಚಿಸಿ ನಮಸ್ಕಾರ ಮಾಡಿ ದಾರಿ ಬಿಡುತ್ತಾರೆ.

ಈ ಅಚ್ಚಿನ ಚಿತ್ರದ ಹುಚ್ಚು ನಮಗೆ ಹತ್ತಿಸಿದ್ದು ಜಪಾನಿನವರು. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಯಾರೋ ವ್ಯಾಪಾರಿ ಒಂದು ಪೆಟ್ಟಿಗೆ ಪಿಂಗಾಣಿ ಬಟ್ಟಲು ತಂದನಂತೆ. ಬಟ್ಟಲುಗಳನ್ನು ಹಳೆಯ ಚಿತ್ರದ ಹಾಳೆಯಲ್ಲಿ ಸುತ್ತಿದ್ದರು. ನಮ್ಮೂರಿನವರು, ಸುತ್ತಿದ ಹಾಳೆಯೇ ಸಾಮಾನು, ಬಟ್ಟಲು ಹಾಳೆ ಹಾರದಿರಲೆಂದು ಇಟ್ಟ ತೂಕ ಎಂದು ತಿಳಿದರು. ಬಟ್ಟಲುಗಳನ್ನು ಕೋಳಿಗೆ ನೀರು ಇಡಲು ಕೊಟ್ಟು, ಹಾಳೆಯನ್ನು ನಾಟಕದ ಮನೆಗೆ ಮೆರವಣಿಗೆಯಲ್ಲಿ ಒಯ್ದರು. ಅದು ಕಾಬುಕಿ ಎಂಬ ಜಪಾನಿ ನಾಟಕದ ನಟನ ಚಿತ್ರವಂತೆ. ಹಿಂದೆಲ್ಲ ಕಾಗೆಬಂಗಾರದ ಪುಡಿಯ ಮಿನುಗು, ಮುಂದೆ ಬಿಳಿ ಬಣ್ಣ ಬಳಿದ ದೊಡ್ಡ ಮುಖ, ಬೆರಳು ಬಿಚ್ಚಿ ಚಾಚಿದ ಕೈ, ಮೂಗಿನ ಕಡೆಗೆ ತಿರುಗಿದ ಮೆಳ್ಳೆಗಣ್ಣು. ಅಲ್ಲಿನ ದೊಡ್ಡ ನಟರು ನಾಟಕದ ನಡುವೆ ಹಾಗೆ ಗಕ್ಕನೆ ನಿಂತು ಕಣ್ಣು ತಿರುಗಿಸುತ್ತಾರಂತೆ, ಜನ ಹೋ ಎಂದು ಕೂಗುತ್ತಾರಂತೆ. ನಮ್ಮವರಿಗೆ ಅದೆಲ್ಲಿ ಗೊತ್ತು? ಪಾಪ, ಈತನ ಹಾಳೆ ಗೋಡೆಗೆ ಹೋಗದೆ ಬಟ್ಟಲಿಗೆ ಹೋಯಿತಲ್ಲ, ಅಲ್ಲಿ ಅವನ ಗತಿ ಏನಾಯಿತೋ ಎಂದು ಗೋಳಾಡಿ, ಗಂಜಿ ಹಚ್ಚಿ ಅವಸರದಿಂದ ಗೋಡೆಗೆ ಅಂಟಿಸಿದರು. ಅಂದಿನಿಂದ ಮೆಳ್ಳೆಗಣ್ಣು ಮಾಡಲಾರದವನನ್ನು ನಮ್ಮೂರಿನಲ್ಲಿ ನಟ ಎಂದು ಕರೆಯುವುದಿಲ್ಲ.

ಇಷ್ಟು ವರ್ಷದ ಹಾಳೆಗಳು ಒಂದರ ಮೇಲೊಂದು ಕೂತು ನಮ್ಮ ಗೋಡೆಗಳೆಲ್ಲ ದಪ್ಪವಾಗಿವೆ. ನಮ್ಮ ಅಡುಗೆಮನೆಯಲ್ಲಿ ಮೊದಲು ಇಬ್ಬರು ಕೂತು ರೊಟ್ಟಿ ಬಡಿಯುತ್ತಿದ್ದೆವು, ಈಗ ಒಬ್ಬಳೇ, ಅದೂ ಓರೆಯಾಗಿ.

ನಮ್ಮ ಯಜಮಾನರ ಹೆಸರು ಉಳವಪ್ಪ. ಹತ್ತೊಂಬತ್ತು ವರ್ಷ ರಾಣಿಗೆ ಗಾಳಿ ಬೀಸುವ ದಾಸಿಯ ಪಾರ್ಟು ಮಾಡಿದವರು. ಅವರು ಸೀರೆ ಉಟ್ಟು ನಡೆದರೆ ನನಗೇ ನಾಚಿಕೆ ಬರಬೇಕು, ಅಷ್ಟು ಚೆಂದ. ಆದರೆ ದಾಸಿಯ ಚಿತ್ರ ಯಾರು ಬರೆಯುತ್ತಾರೆ? ಎಂಟು ತಿಂಗಳ ಹಿಂದೆ ರಾಕ್ಷಸನ ಪಾರ್ಟಿನವನಿಗೆ ಗಂಟಲು ಕಟ್ಟಿತು. ಕಂಪನಿಯ ಶಂಭಯ್ಯ ಮಾಸ್ತರರು ಕಂಡಕಂಡವರನ್ನು ಕೇಳಿ ಸೋತು ಕೊನೆಗೆ ಇವರ ಮುಖಕ್ಕೇ ಕರಿ ಬಣ್ಣ ಬಳಿದು ತಳ್ಳಿದರು. ಇವರು ಹೆದರಿಕೆಯಲ್ಲಿ ಮಾತು ಮರೆತು, ಜಪಾನಿನವನನ್ನು ನೆನೆಸಿಕೊಂಡು, ಕೈ ಚಾಚಿ ಕಣ್ಣು ತಿರುಗಿಸಿ ನಿಂತುಬಿಟ್ಟರು. ಮುಂದಿನ ಸಾಲಿನ ಮೂವರು ಹೆಂಗಸರು ಎದ್ದು ಓಡಿದರು. ಕಲ್ಲಿನಾಥನ ಇದ್ದಲಕಡ್ಡಿ ಹಾಳೆಯ ಮೇಲೆ ಸರಸರ ಓಡಾಡಿತು. ನಮ್ಮ ಮನೆಯವರ ಚಿತ್ರ ಬಂತಲ್ಲ ಎಂದು ನಾನು ಹುಚ್ಚಿ, ಮನೆಮನೆಗೆ ಸಕ್ಕರೆ ಹಂಚಿದೆ.

ಸಕ್ಕರೆಯನ್ನು ಎಲ್ಲರೂ ತಿಂದರು. ಹಾಳೆಯನ್ನು ಅಂಟಿಸಿದವರು ಅರವತ್ತು ಮನೆಯವರು ಮಾತ್ರ. ಉಳಿದವರು ಹಾಳೆ ಬಿಚ್ಚಿ ನೋಡಿ ಮತ್ತೆ ಸುರುಳಿ ಸುತ್ತಿ ನನ್ನ ಕೈಗಿಟ್ಟರು. "ಹುಡುಗ್ರು ಹೆದರ್ತಾವ ವೈನಿ, ಹಾಸಿಗ್ಯಾಗ ಉಚ್ಚಿ ಹೊಯ್ಕೋತಾವ" ಎಂದಳು ಒಬ್ಬಳು. ಇನ್ನೊಬ್ಬಳು ತನ್ನ ಆಕಳು ಕಿಟಕಿಯಿಂದ ಆ ಚಿತ್ರ ನೋಡಿದ ಮೇಲೆ ಹಾಲು ಕೊಡುವುದನ್ನೇ ಬಿಟ್ಟಿತು ಎಂದು ಕಿತ್ತು ತಂದುಕೊಟ್ಟಳು. ಒಂದು ಹಾಳೆ ಹೀಗೆ ಹೆಚ್ಚಾಗುವುದು, ಒಂದು ಕಡಿಮೆಯಾಗುವುದು, ನಾನು ಬೀದಿ ಸುತ್ತುವುದು.

ಇದರ ನಡುವೆ ಎದುರು ಮನೆಯ ಮುರಿಗೆಪ್ಪನ ಪ್ರಕರಣ. ಅವನೂ ನಟ. ಇವರದಾಗಿ ಎರಡು ತಿಂಗಳಿಗೆ ಬಳೆಗಾರನ ಪಾರ್ಟು ಮಾಡಿ, ಹಲ್ಲೆಲ್ಲ ಕಾಣುವಂತೆ ನಕ್ಕು, ಆ ನಗು ಅಚ್ಚಾಯಿತು. ಅವನ ಹಾಳೆ ಮೂರು ದಿನಕ್ಕೇ ತೊಂಬತ್ತೊಂಬತ್ತು ಮನೆ ಸೇರಿತು. ನಮ್ಮದೊಂದು ಉಳಿದಿತ್ತು. ಗೋಡೆಯಲ್ಲಿ ಜಾಗ ಮಾಡೋಣ ಎಂದು ನಾನು ನಾಲ್ಕು ದಿನ ತಡ ಮಾಡಿದೆ, ಅಷ್ಟೇ ನನ್ನ ತಪ್ಪು. ಅಷ್ಟರಲ್ಲಿ ಅವರ ಮನೆಯಲ್ಲಿ ಮೊಮ್ಮಗಳ ತೊಟ್ಟಿಲು ಕಾರ್ಯ ಬಂತು. ನಮ್ಮವರು ಪ್ರೀತಿಯಿಂದ ಕೂಸಿನ ತಲೆಗೆ ಹಾಕುವ ಕುಂಚಿಗೆಯೊಂದನ್ನು ತೆಗೆದುಕೊಂಡು ಹೋಗಿ ತೊಟ್ಟಿಲಿಗೆ ಬಗ್ಗಿ, "ನೂರು ವರ್ಷ ಬಾಳವ್ವಾ" ಎಂದರು. ಕೂಸು ಕಣ್ಣು ಬಿಟ್ಟು ಆ ಮುಖ ನೋಡಿ ಚಿಟ್ಟನೆ ಚೀರಿದ್ದು, ಮೂರು ದಿನ ಬಾಯಿ ಮುಚ್ಚಲಿಲ್ಲ. ಮುರಿಗೆಪ್ಪನ ಹೆಂಡತಿ ಪಾರೋತೆವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ ನಮ್ಮ ಬಾಗಿಲಿಗೆ ಬಂದಳು. "ನಿನ್ನ ಗಂಡನ ಮಾರಿ ನನ್ನ ಗ್ವಾಡಿ ಮ್ಯಾಲೆ ಏರಂಗಿಲ್ಲ, ತಿಳಕೋ" ಎಂದು ಹಾಳೆಯನ್ನು ಕಟ್ಟೆಯ ಮೇಲೆ ಒಗೆದು ಹೋದಳು.

ಮುಂದಿನ ವಾರ ನಮ್ಮ ಅತ್ತೆ ತೀರಿಕೊಂಡರು. ಮುರಿಗೆಪ್ಪ ಮನುಷ್ಯ ಒಳ್ಳೆಯವನು, ಜಗಳವಿದ್ದರೂ ಬಂದ. ಹಲ್ಲು ಕಿಸಿದುಕೊಂಡೇ ಬಂದ. ಹೆಣದ ಮುಂದೆ ಕೂತು, "ತಾಯಿಯಂಥಾಕಿ ಹ್ವಾದಳು" ಎಂದು ಅಳುತ್ತಾನೆ, ಬಾಯಿ ನೋಡಿದರೆ ಮದುವೆಯೂಟಕ್ಕೆ ಬಂದ ಹಾಗಿದೆ. ಅವನ ಮುಖ ಅವನ ಕೈಯಲ್ಲಿಲ್ಲ ಎಂದು ನನಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಪಾರೋತೆವ್ವನಿಗೂ ನಮ್ಮವರದು ಹಾಗೇ ಎಂದು ಗೊತ್ತು. ಆದರೂ ಕಣ್ಣಿಗೆ ಕಂಡ ಮೇಲೆ ತಲೆಯ ಮಾತನ್ನು ಹೊಟ್ಟೆ ಕೇಳುವುದಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಅವನ ಹಾಳೆಯನ್ನು ಒಯ್ದು ಅವರ ಕಟ್ಟೆಯ ಮೇಲೆ ನಾನೂ ಒಗೆದೆ. ಹೀಗೆ ಬೀದಿಯ ಈ ಕಡೆ ಒಬ್ಬ ಗುರುಗುಟ್ಟುತ್ತ, ಆ ಕಡೆ ಒಬ್ಬ ಹಲ್ಲು ಕಿರಿಯುತ್ತ, ಹತ್ತಿರ ಹತ್ತಿರ ಆರು ತಿಂಗಳು ಎದುರುಬದುರು ಕೂತರು.

ಹೀಗಿರುವಾಗ ಶಂಭಯ್ಯ ಮಾಸ್ತರರು ಬಂದರು. ಹೊಸ ನಾಟಕ ತೆಗೆದಿದ್ದರು. ರಾಣಿಯದೇ ನಾಟಕ, ಮೊದಲಿನಿಂದ ಕೊನೆಯವರೆಗೆ ರಾಣಿ ರಂಗ ಬಿಟ್ಟು ಒಳಗೆ ಹೋಗುವ ಹಾಗೇ ಇಲ್ಲ. "ಉಳವ್ಯಾ, ಈ ಪಾರ್ಟು ನಿಂದು. ಹತ್ತೊಂಬತ್ತು ವರ್ಷ ಗಾಳಿ ಬೀಸೀದಿ, ಈಗ ಬೀಸಿಸ್ಕೋ" ಎಂದರು. ಇವರು ಸಂತೋಷದಿಂದ ಮಾಸ್ತರರನ್ನು ನುಂಗುವ ಹಾಗೆ ನೋಡಿದರು. ಮಾಸ್ತರರು ಒಂದು ಹೆಜ್ಜೆ ಹಿಂದೆ ಸರಿದರು. "ಆದ್ರ ಅಮಾಸಿ ಒಳಗ ಮಾರಿ ಇಳೀಬೇಕು ನೋಡಪಾ. ಈ ಮಾರಿ ತಗೊಂಡು ರಾಣಿ ಬಂದ್ರ ರಾಜ ಮೊದಲನೇ ಸೀನಿಗೇ ಓಡಿ ಹೋಗ್ತಾನ."

"ಇಳೀಲಿಲ್ಲಾಂದ್ರ ಯಾರು ಮಾಡ್ತಾರ್ರೀ?" ಎಂದು ನಾನು ಕೇಳಿದೆ.

"ಮತ್ತ ಯಾರು, ನಾನೇ" ಎಂದರು ಮಾಸ್ತರರು. ಅವರಿಗೆ ಎಪ್ಪತ್ತೆರಡು ವರ್ಷ, ಬಾಯಲ್ಲಿ ಒಂದೂ ಹಲ್ಲಿಲ್ಲ, ಗದ್ದದಲ್ಲಿ ಗೇಣುದ್ದ ಗಡ್ಡ. ಗಡ್ಡ ತೆಗೆಯುವುದಿಲ್ಲ ಎಂದೂ ಹೇಳಿದರು.

ಅವರು ಹೋದ ಮೇಲೆ ನಮ್ಮವರು ಒಳಗೆ ಹೋಗಿ ಟ್ರಂಕು ತೆಗೆದು ನನ್ನ ಧಾರೆಯ ಸೀರೆಯ ನೆರಿಗೆ ಹಿಡಿದು ನೋಡುತ್ತ ಕೂತರು. ಮುಖದಲ್ಲಿ ಅದೇ ರಾಕ್ಷಸ. ಅವರಿಗೆ ದುಃಖವೋ ಆಸೆಯೋ ಭಯವೋ ನನಗೆ ತಿಳಿಯಲಿಲ್ಲ. ಆಗ ನನಗೆ ನಿಜವಾಗಿ ಅಳು ಬಂತು. ಎಂಟು ತಿಂಗಳಿನಿಂದ ಅದೇ ಮನೆಯಲ್ಲಿ ಇದ್ದೂ ನನ್ನ ಗಂಡನ ಮುಖ ನಾನು ನೋಡಿರಲಿಲ್ಲ. ಅಮಾವಾಸ್ಯೆಗೆ ಹನ್ನೊಂದು ದಿನ ಇತ್ತು, ನನ್ನ ಹತ್ತಿರ ನಲವತ್ತು ಹಾಳೆ ಇದ್ದವು. ಸೆರಗಿನಲ್ಲಿ ಮೂಗು ಒರೆಸಿಕೊಂಡು ಎದ್ದೆ.

ನಮ್ಮನ್ನು ಕಾಪಾಡಿದ್ದು ಮಂಗಗಳು. ಹಿಟ್ಟಿನ ಗಿರಣಿಯ ಹೆಂಗಸು ಒಳಗಿನ ಗೋಡೆಯಲ್ಲಿ ಜಾಗವಿಲ್ಲವೆಂದು ಚಿತ್ರವನ್ನು ಮಾಳಿಗೆಯ ಹೊರಗೋಡೆಗೆ ಅಂಟಿಸಿದಳು. ಮಾರನೆಯ ದಿನದಿಂದ ಗಿರಣಿಯ ಹತ್ತಿರ ಒಂದೂ ಮಂಗ ಸುಳಿಯಲಿಲ್ಲ. ಸುದ್ದಿ ಬೆಂಕಿ ಹತ್ತಿದಂತೆ ಹಬ್ಬಿತು. ಬೇಡ ಎಂದು ಸುರುಳಿ ಸುತ್ತಿ ಕೊಟ್ಟವರೇ ಈಗ ನಮ್ಮ ಬಾಗಿಲಿಗೆ ಬಂದು, "ವೈನಿ, ನಮಗೊಂದು ಉಳವಪ್ಪಣ್ಣ ಇದ್ರ ಕೊಡ್ರಿ" ಎಂದು ಅವಸರ ಮಾಡುತ್ತಿದ್ದರು. ಹಪ್ಪಳ ಒಣಗಿಸುವವರು ಮಾಳಿಗೆಗೆ ಅಂಟಿಸಿದರು. ಒಬ್ಬ ಮುದುಕಿ ಬೆಲ್ಲದ ಡಬ್ಬಿಯ ಮೇಲಿನ ಗೋಡೆಗೆ ಅಂಟಿಸಿ, ಬೆಲ್ಲ ಕದಿಯುತ್ತಿದ್ದ ತನ್ನ ಗಂಡನನ್ನು ಹಿಡಿತಕ್ಕೆ ತಂದಳು. ಎಮ್ಮೆ ಹಿಂಡುವಾಗ ಒದೆಯುತ್ತದೆ ಎಂದು ಕೊಟ್ಟಿಗೆಗೂ ಹೋಯಿತು. ಆರು ದಿನದಲ್ಲಿ ಮೂವತ್ತೊಂಬತ್ತು ಹಾಳೆ ಖಾಲಿಯಾಗಿ ನನ್ನ ಕೈಯಲ್ಲಿ ಒಂದು ಉಳಿಯಿತು. ಊರಿನಲ್ಲಿಯೂ ಒಂದೇ ಮನೆ ಉಳಿದಿತ್ತು, ಎದುರಿನದು.

ಎರಡು ದಿನ ನಾನು ಆ ಬಾಗಿಲನ್ನು ನೋಡಿದೆ, ಪಾರೋತೆವ್ವ ಈ ಬಾಗಿಲನ್ನು ನೋಡಿದಳು. ಮೂರನೆಯ ದಿನ ಕಲ್ಲಿನಾಥ ತಾನೇ ಬಂದು ಬೀದಿಯ ನಡುವೆ ನಿಂತು ಪಂಚಾಯಿತಿ ಮಾಡಿದ. ಹಳೆಯ ಹಲಗೆಗಳು ಗೋಡೆ ಮುಗಿಯದೆ ಹೆರೆಯಲಿಕ್ಕೆ ಬರುವುದಿಲ್ಲ, ಹೊಸ ಚಿತ್ರಕ್ಕೆ ಹಲಗೆ ಇಲ್ಲದೆ ಅವನ ಕೆಲಸವೂ ನಿಂತಿತ್ತು. "ಇಬ್ಬರೂ ಗಂಜಿ ಮಾಡ್ಕೊಂಡು ಬರ್ರಿ. ನಾ ಮೂರು ಎಣಸ್ತೀನಿ. ಮೂರಂದ ಕೂಡ್ಲೆ ಅಕೀ ಹಾಳಿ ನೀ ಅಂಟಸು, ನಿನ್ನ ಹಾಳಿ ಅಕಿ ಅಂಟಸ್ಲಿ" ಎಂದ.

ನಾನು ನಮ್ಮ ಬಾಗಿಲ ಪಕ್ಕದ ಗೋಡೆಗೆ ಮುರಿಗೆಪ್ಪನ ನಗು ಹಿಡಿದು ನಿಂತೆ. ಅವಳು ಅವರ ಗೋಡೆಗೆ ನಮ್ಮವರ ಸಿಟ್ಟು ಹಿಡಿದು ನಿಂತಳು. ಒಂದು, ಎರಡು, ಮೂರು. ನಾನು ಅಂಟಿಸಲಿಲ್ಲ, ಅವಳು ಅಂಟಿಸುತ್ತಾಳೋ ನೋಡೋಣ ಎಂದು ತಿರುಗಿದೆ. ಅವಳೂ ತಿರುಗಿ ನನ್ನನ್ನೇ ನೋಡುತ್ತಿದ್ದಳು.

"ನೋಡಿದ್ರೇನ್ರಿ, ಎಂಥಾ ಹೆಂಗಸು!" ಎಂದು ಇಬ್ಬರೂ ಒಟ್ಟಿಗೇ ಕೂಗಿದೆವು. ಮತ್ತೆ ಎಣಿಸಿದ, ಮತ್ತೆ ಅದೇ ಆಯಿತು. ಐದು ಸಲ ಎಣಿಸುವಷ್ಟರಲ್ಲಿ ಗಂಜಿ ಒಣಗಿತು, ಅರ್ಧ ಊರು ಕಟ್ಟೆ ಹತ್ತಿ ಕೂತು ಕಡಲೆ ತಿನ್ನತೊಡಗಿತು.

ಆಗ ನಮ್ಮವರು ಒಳಗಿನಿಂದ ಬಂದರು. ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ಗಂಜಿಗೆ ಎರಡು ಹನಿ ನೀರು ಬೆರೆಸಿ, ಮೂಲೆ ಮಡಚದಂತೆ ನೀಟಾಗಿ ಗೋಡೆಗೆ ಅಂಟಿಸಿಬಿಟ್ಟರು. "ಅಯ್ಯ, ಏನ್ ಮಾಡಿದ್ರೀ!" ಎಂದು ನಾನು ಚೀರಿದೆ. "ಪಾಪ, ದವಡಿ ನೂಸ್ತಿರಬೇಕು ಅವಂಗ" ಎಂದರು ನನ್ನ ಗಂಡ, ನನ್ನನ್ನು ಕೊಲ್ಲುವ ಹಾಗೆ ನೋಡುತ್ತ.

ಎದುರು ಕಟ್ಟೆಯಲ್ಲಿ ಮುರಿಗೆಪ್ಪನ ಹಲ್ಲು ಒಂದೊಂದಾಗಿ ಮರೆಯಾದವು. ಅವನು ಎರಡೂ ಕೈಯಿಂದ ಕೆನ್ನೆ ತಿಕ್ಕಿಕೊಂಡ. ಆಮೇಲೆ ಆರು ತಿಂಗಳಿಂದ ಕೂಡಿಟ್ಟ ಗಂಟುಮುಖವನ್ನೆಲ್ಲ ತೆಗೆದು ಕೂತವರ ಮೇಲೆ, ನಿಂತವರ ಮೇಲೆ, ಮಲಗಿದ್ದ ನಾಯಿಯ ಮೇಲೆ ಹರಿಯಬಿಟ್ಟ. ಆಹಾ ಆಹಾ ಎನ್ನುತ್ತ ಮುಖ ಸಿಂಡರಿಸುತ್ತಿದ್ದ. ಪಾರೋತೆವ್ವ ಮಾತ್ರ ನಮ್ಮ ಹಾಳೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಗಂಜಿಯ ಪಾತ್ರೆ ಎತ್ತಿಕೊಂಡು, ಒಳಗೆ ಹೋಗಿ ದಢಾರನೆ ಬಾಗಿಲು ಹಾಕಿದಳು.

ಮುಗಿಯಿತು, ಅವಳ ಕೆಲಸ ಆಯಿತು, ನಮ್ಮದು ಹೋಯಿತು. ರಾಣಿ ಹೋದಳು. ಶಂಭಯ್ಯ ಮಾಸ್ತರರು ಗಡ್ಡದ ಮೇಲೆ ಮೂಗುತಿ ಇಟ್ಟುಕೊಂಡು ಬರುವುದು ಕಣ್ಣಿಗೆ ಕಟ್ಟಿತು. ನಾನು ಬೀದಿಯ ನಡುವೆ ನಿಂತು ಬಾಯಿಗೆ ಬಂದದ್ದು ಬೈದೆ. "ನಿನ್ನ ಒಲಿ ಹೊಗಿ ಹಾಕ್ಲಿ! ನಿನ್ನ ರೊಟ್ಟಿ ಉಬ್ಬದಿರ್ಲಿ! ನಿನ್ನ ಮಜ್ಜಿಗ್ಯಾಗ ಬೆಣ್ಣಿ ಏಳದಿರ್ಲಿ! ನಿನ್ನ ಸೀರಿ ಬಣ್ಣ..."

"ನಿಂಬೆವ್ವಾ" ಎಂದರು ನಮ್ಮವರು.

"ನೀವು ಸುಮ್ಮಕಿರ್ರಿ! ನಿನ್ನ ಸೀರಿ ಬಣ್ಣ ಬಿಡ್ಲಿ, ನಿನ್ನ..."

"ನಿಂಬೆವ್ವಾ, ಇತ್ತ ನೋಡಲ್ಲಾ."

ತಿರುಗಿದೆ. ಹುಬ್ಬುಗಳು ತಮ್ಮ ತಮ್ಮ ಜಾಗಕ್ಕೆ ಹೋಗಿದ್ದವು. ಕಣ್ಣುಗಳೆರಡೂ ನೇರವಾಗಿ ನನ್ನನ್ನು ನೋಡುತ್ತಿದ್ದವು. ಬಾಯಿ, ಆ ನನ್ನ ಗಂಡನ ಕೆಲಸಕ್ಕೆ ಬಾರದ ಮೆತ್ತನೆಯ ಬಾಯಿ, ಸ್ವಲ್ಪ ತೆರೆದಿತ್ತು. ಬಾಗಿಲು ತೆರೆದು ಪಾರೋತೆವ್ವ ಹೊರಗೆ ಬಂದಳು, ಮೊಣಕೈ ತನಕ ಗಂಜಿ. "ಹೊರಗಿನ ಗ್ವಾಡಿಗೆ ಬಿಸಲು ಬಡೀತೈತಿ, ಒಳಗ ದೇವರ ಜಗಲಿ ಮ್ಯಾಲೆ ಹಚ್ಚೀನಿ. ಇನ್ನೇನರ ಬೈಯೂದು ಐತೇನು ತಂಗಿ?" ಎಂದಳು. ಅವಳನ್ನು ತಬ್ಬಿಕೊಂಡು ಅತ್ತೆ. ನನ್ನ ಸೀರೆಯೂ ಗಂಜಿಯಾಯಿತು.

ಅಮಾವಾಸ್ಯೆಯಿಂದ ತಾಲೀಮು ನಡೆದು ಹುಣ್ಣಿಮೆಗೆ ನಾಟಕ. ಚಿತ್ರ ಬರೆಯಲು ಬೆಳಕು ಬೇಕೆಂದು ನಮ್ಮಲ್ಲಿ ನಾಟಕ ಆಡುವುದು ಹಗಲಿನಲ್ಲೇ, ಮತ್ತು ಒಂದು ನಾಟಕ ಒಂದೇ ಸಲ. ನಾನು ಬೆಳಗ್ಗೆಯೇ ಹೋಗಿ ಮುಂದಿನ ಸಾಲಿನಲ್ಲಿ ಕಲ್ಲಿನಾಥನ ಪಕ್ಕಕ್ಕೆ ಕೂತೆ. ಅವನು ಯಾವ ಮುಖ ಬರೆಯುತ್ತಾನೋ ಅದರ ಜೊತೆ ಸಂಸಾರ ಮಾಡಬೇಕಾದವಳು ನಾನು. ನಮ್ಮವರು ನನ್ನ ಧಾರೆಯ ಸೀರೆ ಉಟ್ಟು ಪರದೆಯಿಂದ ಹೊರಗೆ ಕಾಲಿಟ್ಟರು ನೋಡಿ, ನೂರು ಮನೆಯ ಜನ ಉಸಿರು ಬಿಡುವುದು ಮರೆತರು. ಎರಡನೆಯ ಅಂಕದಲ್ಲಿ ರಾಣಿ ಮಂತ್ರಿಯ ಮೇಲೆ ಕೆರಳಿ ಕೈ ಚಾಚಿ ಮೆಳ್ಳೆಗಣ್ಣು ಮಾಡಿ ನಿಂತಾಗ ಜನ ಹೋ ಎಂದು ಎದ್ದರು. ಕಲ್ಲಿನಾಥ ಇದ್ದಲಕಡ್ಡಿ ಎತ್ತಿದ. ನಾನು ಅವನ ತೊಡೆ ಚಿವುಟಿದೆ. ರಾಜ ಸತ್ತಾಗ ರಾಣಿ ಅತ್ತ ಅಳುವಿಗೆ ಶಂಭಯ್ಯ ಮಾಸ್ತರರೇ ಗಡ್ಡ ತೋಯಿಸಿಕೊಂಡರು. ಕಲ್ಲಿನಾಥ ಮತ್ತೆ ಬಗ್ಗಿದ. ನಾನು ಅವನ ಹಾಳೆಯ ಮೇಲೆ ಒಂದು ಸೇರು ಚುರುಮುರಿ ಸುರುವಿದೆ. "ಯವ್ವಾ, ನಾಟಕ ಮುಗ್ಯಾಕ ಬಂತು, ನನಗ ಕೆಲಸ ಮಾಡಗೊಡು" ಎಂದು ಅವನು ಕೈ ಮುಗಿದ. "ತಡಿಯಪಾ, ಇನ್ನೊಂಚೂರು ತಡಿ" ಎಂದು ಅವನ ಕೈ ಹಿಡಿದುಕೊಂಡೆ.

ಮಂಗಳದ ಹಾಡು ಮುಗಿಯಿತು. ಚಪ್ಪಾಳೆ ನಿಲ್ಲಲೇ ಇಲ್ಲ. ನಮ್ಮವರು ನಡುವೆ ನಿಂತು ಕೈ ಮುಗಿದು, ಮುಂದಿನ ಸಾಲಿನಲ್ಲಿ ನನ್ನನ್ನು ಹುಡುಕಿದರು. ಸಿಕ್ಕ ಕೂಡಲೇ ಒಂದು ಹುಬ್ಬು ಸ್ವಲ್ಪ ಮೇಲೆತ್ತಿ, ತುಟಿಯ ಒಂದು ತುದಿಯಲ್ಲಿ ನಕ್ಕು, ಚಲೋ ಆತೇನು ಎಂದು ಕಣ್ಣಲ್ಲೇ ಕೇಳಿದರು. ರಾಣಿಯಲ್ಲ, ನಟನಲ್ಲ, ನನ್ನ ಗಂಡ ಅದು. ನಾನು ಕಲ್ಲಿನಾಥನ ಕೈ ಬಿಟ್ಟೆ. "ಈಗ ಬರಿ" ಎಂದೆ.

ತೊಂಬತ್ತೊಂಬತ್ತು ಹಾಳೆ ಒಂದೇ ಬೆಳಗಿನಲ್ಲಿ ಹೋದವು. ಈಗ ಎರಡು ತಿಂಗಳಾಯಿತು, ನಮ್ಮವರು ನಲ್ಲಿಗೆ ಹೋದರೂ, ಉಣ್ಣಲು ಕೂತರೂ, ಕಾಲಿಗೆ ಮುಳ್ಳು ಚುಚ್ಚಿದರೂ ನನ್ನನ್ನು ಅದೇ ಮುಖದಲ್ಲಿ ನೋಡುತ್ತಾರೆ. ನೂರನೆಯ ಹಾಳೆ ಎಲ್ಲಿ ಎಂದು ಪಾರೋತೆವ್ವ ದಿನಾ ಬಂದು ಜಗಳ ತೆಗೆಯುತ್ತಾಳೆ. "ಎಲ್ಲಾರ ಮನೀಗೂ ಬಂತು, ನಮ್ಮ ಮನೀಗ್ಯಾಕ ಇಲ್ಲ? ನಾವೇನು ನಿನಗ ವೈರಿಗಳೇನು?" ಗೆದ್ದಲು ತಿಂದಿತು ಎಂದು ಹೇಳಿದ್ದೇನೆ. ಮುಂದಿನ ನಾಟಕಕ್ಕೆ ಇನ್ನೂ ತಿಂಗಳಿದೆ, ಆಗ ಗೆದ್ದಲು ಬಿಟ್ಟಿತು ಎಂದರಾಯಿತು. ಹಾಳೆ ನಾವು ಜೋಳ ತುಂಬಿಡುವ ಗುಮ್ಮಿಯ ಹಿಂದೆ ಇದೆ. ಯಾರಿಗೂ ಹೇಳಿಲ್ಲ, ನಮ್ಮವರಿಗೂ ಹೇಳಿಲ್ಲ. ನಿನ್ನೆ ಅವರು ಹೊರಗೆ ಹೋದ ಹೊತ್ತಿಗೆ ಸರಿಯಾಗಿದೆಯೇ ನೋಡೋಣವೆಂದು ತೆಗೆದೆ. ಸುರುಳಿಯನ್ನು ಯಾರೋ ಹಳೆಯ ಮೆತ್ತನೆಯ ಧೋತರದಲ್ಲಿ ಸುತ್ತಿ, ಹುಳ ಹತ್ತಬಾರದೆಂದು ಒಳಗೆ ಬೇವಿನ ಸೊಪ್ಪು ಇಟ್ಟಿದ್ದರು. ನಾನಂತೂ ಇಟ್ಟಿರಲಿಲ್ಲ, ಮನೆಯಲ್ಲಿರುವುದು ನಾವಿಬ್ಬರೇ.